ಇನ್ನರ್ಧ ಮುದ್ದೆ ಹಾಕ್ಲಾ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಿರುತ್ತದೆ. ಕುಂದಲಹಳ್ಳಿಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಹುಡುಗ ಕೇಳುತ್ತಾನೆ: ‘ಓನರ್ ಊರಹಬ್ಬದ ಊಟಕ್ಕ ಕರದಾರ್ರೀ. ಖರೇನ ಕರದಾರೋ, ಎದುರಿಗೆ ಸಿಕ್ಕೆ ಅಂತ ಕರದಾರೋ ತಿಳೀವಲ್ದು.’ ಎಲೆಕ್ಟ್ರಾನಿಕ್ ಸಿಟಿ ಮಗ್ಗುಲಿನ ದೊಡ್ಡತೋಗೂರಿನಿಂದ ಪುತ್ತೂರಿನ ಹೆಣ್ಣುಮಗಳು ಬರೆಯುತ್ತಾಳೆ: ‘ಮೇಲಿನ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಉಪ್ಪುಸಾರು ಕೊಟ್ಟಿದ್ದರು. ಡಬ್ಬಿ ಫಳಫಳ ತೊಳೆದು ಅದೇ ಸಂಜೆ ವಾಪಸ್ ಕೊಟ್ಟೆ. ಅವರ ಮುಖ ಎಂತಕ್ಕೋ ಸಣ್ಣದಾಯಿತು.’ ಪೀಣ್ಯದಿಂದ ಬರುವ ಪ್ರಶ್ನೆ ಸುತ್ತಿಬಳಸುವುದಿಲ್ಲ: ‘ಸಾರ್, ಬೀಗರ ಊಟದಲ್ಲಿ ಎಷ್ಟು ಸಲ ಬೇಡ ಅಂದರೆ ನಿಜವಾಗಿ ಬೇಡ ಅಂತ ಆಗುತ್ತೆ?’

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಡಿಸುವವನು ಯಾವ ಕಡೆಯವನು ಅನ್ನುವುದರ ಮೇಲೆ ಅದು ನಿಂತಿದೆ. ಮಂಡ್ಯ, ರಾಮನಗರ, ನೆಲಮಂಗಲ, ಹೊಸಕೋಟೆ ಸೀಮೆಯ ಪಂಕ್ತಿಯಲ್ಲಿ ಮೊದಲ ಎರಡು ‘ಬೇಡ’ಗಳು ಲೆಕ್ಕಕ್ಕಿಲ್ಲ. ಅವು ಮರ್ಯಾದೆಗೆ ಹೇಳಬೇಕಾದವು. ಹೇಳದೆ ಸುಮ್ಮನೆ ಹಾಕಿಸಿಕೊಂಡರೆ ಹೊಟ್ಟೆಬಾಕ ಎಂಬ ಹೆಸರು ಬರುತ್ತದೆ. ಮೂರನೆಯದರ ಜತೆಗೆ ಎರಡೂ ಕೈ ಎಲೆಗೆ ಅಡ್ಡ ಬರಬೇಕು, ಬೆನ್ನು ಸ್ವಲ್ಪ ಹಿಂದಕ್ಕೆ ವಾಲಬೇಕು. ಆಗಲೂ ಬಡಿಸುವವನು ಪಳಗಿದವನಾಗಿದ್ದರೆ ‘ಇನ್ನರ್ಧ ಮುದ್ದೆ ಹಾಕ್ಲಾ?’ ಎನ್ನುತ್ತಲೇ ಬೆರಳ ಸಂದಿಯಲ್ಲಿ ಸಾರು ಇಳಿಸಿರುತ್ತಾನೆ. ಸಾರು ಬಿದ್ದ ಮೇಲೆ ಅದಕ್ಕೊಂದು ಜತೆ ಬೇಡವೇ? ಮುದ್ದೆ ಬರುತ್ತದೆ. ಅರ್ಧ ಅಂದದ್ದು ಒಂದಾಗಿಯೇ ಬರುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ‘ಬೇಡ’ವನ್ನು ಕಿವಿಗೆ ಹಾಕಿಕೊಳ್ಳುವ ಪದ್ಧತಿಯೇ ಇಲ್ಲ. ತಾಟಿಗೆ ರೊಟ್ಟಿ ಬಂದು ಬೀಳುತ್ತದೆ, ಮುಗಿಯುವ ಮೊದಲೇ ಇನ್ನೊಂದು ಬೀಳುತ್ತದೆ, ಕೈ ತೊಳೆಯಲು ಎದ್ದಾಗ ‘ಏನೂ ಉಣ್ಣಲೇ ಇಲ್ಲ ಬಿಡ್ರಿ, ನಮ್ಮ ಅಡಿಗಿ ಸೇರಲಿಲ್ಲೇನ್ರಿ?’ ಎಂಬ ದೂರು ಹಿಂದೆಯೇ ಬರುತ್ತದೆ. ಕರಾವಳಿಯವರು ನನಗೆ ಕಂಡ ಮಟ್ಟಿಗೆ ಈ ಇಬ್ಬರಿಗಿಂತ ಬೇರೆ. ಬಂದ ಕೂಡಲೇ ಬೆಲ್ಲ, ನೀರು ಇಟ್ಟು, ‘ಬಾಯಾರಿಕೆಗೆ ಎಂತ ಆಗಬೇಕು?’ ಎಂದು ಮನಸ್ಸಿಟ್ಟೇ ವಿಚಾರಿಸುತ್ತಾರೆ. ಆದರೆ ನೀವು ಬೇಡ ಎಂದರೆ ನಿಮ್ಮ ಮಾತನ್ನು ನಂಬಿಬಿಡುತ್ತಾರೆ! ಮಂಡ್ಯದವನು ಮಂಗಳೂರಿನ ಮದುವೆಯಿಂದ ಅರೆಹೊಟ್ಟೆಯಲ್ಲಿ ಎದ್ದು ಬಂದು ಬಸ್‌ಸ್ಟ್ಯಾಂಡಿನಲ್ಲಿ ಬನ್ ತಿನ್ನುವುದು ಈ ನಂಬಿಕೆಯ ದೆಸೆಯಿಂದ. ಇನ್ನು ಹಳೇ ಬೆಂಗಳೂರಿನ ಮನೆಗಳ ಬಗ್ಗೆ ಇರುವ ಜೋಕು ನಿಮಗೆ ಗೊತ್ತೇ ಇದೆ. ‘ಕಾಫಿ ಕುಡೀತೀರಾ, ಇಲ್ಲಾ ಕುಡಿದುಕೊಂಡೇ ಬಂದ್ರಾ?’ ಪ್ರಶ್ನೆಯ ಒಳಗೇ ಉತ್ತರ ಕೂತಿರುತ್ತದೆ, ಅತಿಥಿ ಹೂಂ ಅಂದರಾಯಿತು. ಬಸವನಗುಡಿಯವರು ಇದನ್ನು ಮಲ್ಲೇಶ್ವರದವರ ಮೇಲೆ ಹೇಳುತ್ತಾರೆ, ಮಲ್ಲೇಶ್ವರದವರು ಮೈಸೂರಿನವರ ಮೇಲೆ ಹೇಳುತ್ತಾರೆ. ಮೈಸೂರಿನವರು ಕೇಳಿಸಿಕೊಂಡು ನಗುತ್ತಾರೆ, ಕಾಫಿ ಮಾತ್ರ ತರುವುದಿಲ್ಲ.

ತಮ್ಮ ತಮ್ಮ ಊರಿನಲ್ಲಿದ್ದಾಗ ಇದ್ಯಾವುದೂ ಸಮಸ್ಯೆಯಲ್ಲ. ಎಲ್ಲರಿಗೂ ಒಂದೇ ಲೆಕ್ಕ. ಬೆಂಗಳೂರಿನ ಹೊರವಲಯದಲ್ಲಿ ಮಾತ್ರ ಈ ಲೆಕ್ಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾಕೆಂದರೆ ಇಲ್ಲಿ ಯಾರು ಮನೆಯವರು, ಯಾರು ನೆಂಟರು ಅನ್ನುವುದೇ ತೀರ್ಮಾನವಾಗಿಲ್ಲ. ವೈಟ್‌ಫೀಲ್ಡ್ ಎಂಬ ಊರು ಶುರುವಾದದ್ದೇ ಬಂದವರನ್ನು ಕೂರಿಸಲಿಕ್ಕೆ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಜಮೀನು ಕೊಟ್ಟರು, ಡಿ.ಎಸ್. ವೈಟ್ ಎಂಬ ಮುಖಂಡನ ಹೆಸರು ಊರಿಗೆ ನಿಂತಿತು. ಪೀಣ್ಯದ ಪಕ್ಕದ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಎಪ್ಪತ್ತರ ದಶಕದಲ್ಲಿ ಪೀಣ್ಯವೇ ಶೆಡ್ಡುಗಳ ಊರಾಯಿತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಅಲ್ಲಿನ ಜನ ರಾಗಿ ಬೆಳೆಯುತ್ತಿದ್ದರು. ಆ ರಾಗಿ ಹೊಲದ ಮಕ್ಕಳೇ ಈಗ ಓನರ್‌ಗಳು. ನಾಲ್ಕು ಮಹಡಿ ಕಟ್ಟಿಸಿ, ಕೆಳಗೆ ತಾವಿದ್ದು, ಮೇಲೆ ಇಡೀ ದೇಶವನ್ನು ಇಟ್ಟುಕೊಂಡಿದ್ದಾರೆ. ವರ್ತೂರು, ಹೂಡಿ ಕಡೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಮೆಟ್ಟಿಲ ಮೇಲೆ ಹಿಂದಿ. ಮೂರರಲ್ಲೂ ಸಲೀಸಾಗಿ ಹೇಳಲು ಬರುವ ಮಾತು ಎರಡು: ‘ಬಾಡಿಗೆ ಐದನೇ ತಾರೀಖಿನೊಳಗೆ’, ಮತ್ತು ‘ಊಟ ಮಾಡ್ಕೊಂಡು ಹೋಗಿ’.

ಇಲ್ಲಿ ನನ್ನ ಅರ್ಹತೆ ಏನು ಎಂದು ಕೇಳುವವರಿಗೆ ಹೇಳಬೇಕು. ನಾನು ತಿಪಟೂರಿನವನು, ಹೆಂಡತಿ ಗದಗಿನ ಕಡೆಯವಳು. ಅದಕ್ಕಿಂತ ದೊಡ್ಡ ಅರ್ಹತೆ, ಪೀಣ್ಯದ ಕಾರ್ಖಾನೆಯೊಂದರ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿದ್ದಾಗ ಕ್ಯಾಂಟೀನ್ ಕಮಿಟಿಯಲ್ಲಿ ಕೂತಿದ್ದೇನೆ. 250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ಕ್ಯಾಂಟೀನ್ ಬೇಕು, ಅದರ ಆಡಳಿತದಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕು ಎಂದು ಬರೆದದ್ದು 1948ರ ಕಾರ್ಖಾನೆ ಕಾಯಿದೆಯ 46ನೇ ಕಲಮು. ದೆಹಲಿಯಲ್ಲಿ ಕೂತು ಅದನ್ನು ಬರೆದ ಪುಣ್ಯಾತ್ಮರಿಗೆ ಸಾಂಬಾರಿನಲ್ಲಿ ಬೆಲ್ಲ ಎಷ್ಟಿರಬೇಕು ಎಂಬ ವಿಷಯ ಹೊಳೆದಿರಲಾರದು. ಹೊಳೆದಿದ್ದರೆ ಆ ಕಲಮಿಗೆ ಇನ್ನೂ ಹತ್ತು ಉಪಕಲಮುಗಳು ಬೇಕಾಗುತ್ತಿದ್ದವು.

ನಮ್ಮ ಕ್ಯಾಂಟೀನಿನ ಕಂಟ್ರಾಕ್ಟರು ಕುಂದಾಪುರ ಕಡೆಯವರು. ಉಡುಪಿ ಸೀಮೆಯ ಅಡುಗೆಯಲ್ಲಿ ಹುಳಿ, ಖಾರ, ಉಪ್ಪಿನ ಜತೆಗೆ ಬೆಲ್ಲವೂ ಕೂತರೇ ಪಾಕ ಹದಕ್ಕೆ ಬಂದಂತೆ. ಅವರ ಸಾಂಬಾರನ್ನು ಮೊದಲ ದಿನ ಬಾಯಿಗಿಟ್ಟ ಮಳವಳ್ಳಿಯ ಫಿಟ್ಟರು ಏನೂ ಹೇಳಲಿಲ್ಲ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡ. ಎದುರಿಗಿದ್ದ ಸಿಂದಗಿಯ ವೆಲ್ಡರು ಚಮಚೆ ಕೆಳಗಿಟ್ಟು, ‘ಇವತ್ತ ಯಾರ ಹುಟ್ಟಿದ ಹಬ್ಬ ಐತ್ರೀ? ಪಾಯಸಾ ಮಾಡ್ಯಾರ’ ಅಂದ. ಮುಂದಿನ ಕಮಿಟಿ ಸಭೆಗೆ ಇದೇ ಮೊದಲ ವಿಷಯ. ಕಂಟ್ರಾಕ್ಟರು ಕೈಮುಗಿದು ವಾದ ಮಂಡಿಸಿದರು: ‘ಬೆಲ್ಲ ಹಾಕದಿದ್ರೆ ಅದು ಸಾಂಬಾರು ಅಲ್ಲ ಮಾರಾಯ್ರೆ, ಬರೀ ಹುಣಸೆ ನೀರು.’ ನಡಾವಳಿ ಬರೆಯುವ ಕೆಲಸ ನನ್ನದು. ‘ಸಾಂಬಾರಿನ ಸಿಹಿಯ ಬಗ್ಗೆ ದೀರ್ಘವಾಗಿ ಚರ್ಚಿಸಲಾಯಿತು. ಬೆಲ್ಲದ ಪ್ರಮಾಣದಲ್ಲಿ ಮುಂದಿನ ಸಭೆಯವರೆಗೆ ಯಥಾಸ್ಥಿತಿ ಕಾಪಾಡುವುದು’ ಎಂದು ಬರೆದು ಎಲ್ಲರ ಸಹಿ ಹಾಕಿಸಿದೆ. ಬೋನಸ್ ಮಾತುಕತೆ ಕೂಡ ಇಷ್ಟು ಬಿಗುವಾಗಿ ನಡೆದದ್ದನ್ನು ನಾನು ಕಾಣೆ.

ಬೆಲ್ಲ ಮುಗಿಯುವ ಮೊದಲೇ ಮುದ್ದೆ, ರೊಟ್ಟಿಯ ವಿಷಯ ಎದ್ದಿತು. ವಾರಕ್ಕೆರಡು ದಿನ ಮುದ್ದೆ ಬೇಕು ಎಂದು ಒಂದು ಬಣ, ಹಾಗಾದರೆ ನಮಗೆ ಜೋಳದ ರೊಟ್ಟಿ ಬೇಕು ಎಂದು ಇನ್ನೊಂದು. ಶಿಫ್ಟಿಗಿಷ್ಟು ಜನರಿಗೆ ಬಿಸಿ ರೊಟ್ಟಿ ಬಡಿಯುವುದು ಯಾವ ಕ್ಯಾಂಟೀನಿನಿಂದಲೂ ಆಗದ ಕೆಲಸ. ದಾಸರಹಳ್ಳಿ ಕಡೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕಡಕ್ ರೊಟ್ಟಿ ತರಿಸುವುದೆಂದಾಯಿತು. ಮೊದಲ ಮಂಗಳವಾರ ಕ್ಯಾಂಟೀನಿನಲ್ಲಿ ಎದ್ದ ಸದ್ದಿಗೆ ಸೆಕ್ಯೂರಿಟಿಯವನು ಒಳಗೆ ಇಣುಕಿ ಹೋದ. ತುಮಕೂರು, ಮಾಗಡಿಯ ಹುಡುಗರು ಆ ರೊಟ್ಟಿಯನ್ನು ಮುರಿದು, ಹಪ್ಪಳವೆಂದುಕೊಂಡು ಖುಷಿಯಾಗಿ ತಿಂದು, ‘ಸರಿ, ಈಗ ಊಟ ತನ್ನಿ’ ಎಂದರು. ಗುರುವಾರ ಮುದ್ದೆಯ ಸರದಿ. ಸಿಂದಗಿಯವನು ಬಾಯಿಗಿಟ್ಟುಕೊಂಡು ಅಗಿದ, ಇನ್ನೂ ಅಗಿದ, ಹಲ್ಲಿಗೆಲ್ಲ ಮೆತ್ತಿಕೊಂಡಿತು. ಮಳವಳ್ಳಿಯವನಿಗೆ ನೋಡಲಾಗಲಿಲ್ಲ. ‘ಅಗೀಬೇಡ ಕಣೋ, ಸಾರಲ್ಲಿ ಅದ್ಕೊಂಡು ನುಂಗು!’ ಇವನು ಗಂಟಲು ಸರಿಮಾಡಿಕೊಂಡು ಕೇಳಿದ: ‘ನುಂಗಾಕ ಇದೇನ್ ಗುಳಿಗಿ ಏನೋ?’

ಜಗಳ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಊರಿಗೆ ಹೋಗಿ ಬಂದ ಸಿಂದಗಿಯವನು ಒಂದು ದಿನ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಯ ಮೂರು ಡಬ್ಬಿ ತಂದು ಮೇಜಿನ ಮೇಲಿಟ್ಟ. ತನಗೆಂದೇ ತಂದದ್ದು, ಸಾಂಬಾರಿನಿಂದ ಪಾರಾಗಲು. ಡಬ್ಬಿ ಮೇಜಿನಿಂದ ಮೇಜಿಗೆ ಹೋಯಿತು. ಮಳವಳ್ಳಿಯವನು ಮುದ್ದೆಗೇ ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡ. ಮಾರನೆಯ ವಾರ ಇವನ ಮನೆಯಿಂದ ಹುರುಳಿಕಾಳು ಬಸ್ಸಾರು ಬಂತು. ಕೆಲವು ತಿಂಗಳಲ್ಲಿ ಕ್ಯಾಂಟೀನಿನ ಊಟ ನೆಪಕ್ಕೆ, ಡಬ್ಬಿಗಳೇ ಊಟ ಎನ್ನುವ ಹಾಗಾಯಿತು. ಕಂಟ್ರಾಕ್ಟರೂ ಒಮ್ಮೆ ಮನೆಯಿಂದ ನೀರುದೋಸೆ, ಕೋಳಿ ಸುಕ್ಕ ತಂದು ತಮ್ಮ ಮರ್ಯಾದೆ ಉಳಿಸಿಕೊಂಡರು. ಕಮಿಟಿ ಸಭೆಗಳಲ್ಲಿ ಬೈದಾಟ ಮಾತ್ರ ಎಂದಿನಂತೆ ನಡೆದಿತ್ತು. ಬೈಯದೆ ಉಂಡರೆ ರುಚಿ ಹತ್ತದು ಎಂಬುದರಲ್ಲಿ ಎಲ್ಲ ಜಿಲ್ಲೆಯವರದೂ ಒಮ್ಮತ.

ಈಗ ದೊಡ್ಡತೋಗೂರಿನ ಹೆಣ್ಣುಮಗಳ ಡಬ್ಬಿಗೆ ಬರುತ್ತೇನೆ. ತಾಯಿ, ನೀನು ಡಬ್ಬಿ ತೊಳೆದದ್ದು ತಪ್ಪಲ್ಲ, ಖಾಲಿ ಕೊಟ್ಟದ್ದು. ಈ ಸೀಮೆಯಲ್ಲಿ ಬಂದ ಡಬ್ಬಿ ಬರಿದಾಗಿ ವಾಪಸ್ ಹೋಗಬಾರದು. ನಾಲ್ಕು ಬಾಳೆಹಣ್ಣಾದರೂ ಸರಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ. ಅದರಲ್ಲೂ ಅದೇ ಸಂಜೆ ಕೊಡುವುದು ಇನ್ನೂ ಕಷ್ಟ; ಸಾಲ ತೀರಿಸಿ ಕೈ ತೊಳೆದುಕೊಂಡ ಹಾಗೆ ಕಾಣುತ್ತದೆ. ಡಬ್ಬಿ ನಿಮ್ಮ ಮನೆಯಲ್ಲಿ ಕೆಲವು ದಿನ ಇರಲಿ. ‘ನಮ್ಮ ಡಬ್ಬಿ ನಿಮ್ಮಲ್ಲೇ ಉಳೀತಲ್ಲ’ ಎಂದು ಅವರು ಕೇಳಿಕೊಂಡು ಬರಲಿ, ಬಂದಾಗ ಕಾಫಿ ಆಗಲಿ. ಒಂದು ಪತ್ರೊಡೆ ಹಾಕಿ ಕೊಟ್ಟರಂತೂ ಆ ಮನೆಯ ನಾಲ್ಕು ಊಟ ನಿಮ್ಮ ಹೆಸರಿಗೆ ಬರೆದಿಟ್ಟ ಹಾಗೆ.

ಹೊರವಲಯದಲ್ಲಿ ಆತಿಥ್ಯ ಸತ್ತಿತು ಎಂದು ಗೋಳಾಡುವವರು ಆಗಾಗ ಸಿಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಅದಕ್ಕೆ ಒಬ್ಬ ಶತ್ರು ಇದ್ದಾನೆ, ಅವನು ಹೋಟೆಲಿನ ಪ್ಲಾಸ್ಟಿಕ್ ಪಾರ್ಸೆಲ್ ಡಬ್ಬಿ. ಈಗ ಯಾರೇ ಏನೇ ಕೊಟ್ಟರೂ ಅದರಲ್ಲೇ ಹಾಕಿ, ‘ಡಬ್ಬಿ ವಾಪಸ್ ಬೇಡ, ಬಿಸಾಕಿಬಿಡಿ’ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಅಲ್ಲಿಗೆ ಲೆಕ್ಕ ಚುಕ್ತಾ. ಮೇಲಿನ ಮನೆಗೂ ಕೆಳಗಿನ ಮನೆಗೂ ಓಡಾಡುತ್ತಿದ್ದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಕೊರೆಸಿರುತ್ತಿದ್ದರಲ್ಲ, ಅದು ಕಳ್ಳತನದ ಭಯಕ್ಕಲ್ಲ. ಯಾರ ಮನೆಗೆ ಏನು ಬಾಕಿ ಇದೆ ಎಂದು ಮರೆಯದಿರಲಿ ಎಂದೇ ಇರಬೇಕು.

ಬಾಕಿ ಉಳಿಸಿಕೊಳ್ಳುವುದಕ್ಕೆ ನಮ್ಮವರು ಪುಸ್ತಕವನ್ನೇ ಇಟ್ಟಿದ್ದಾರೆ. ಮದುವೆ ಮನೆಯ ಬಾಗಿಲ ಬಳಿ ಮೇಜು ಹಾಕಿಕೊಂಡು ಒಬ್ಬರು ಮುಯ್ಯಿ ಬರೆಯುತ್ತಿರುತ್ತಾರೆ: ಹೆಸರು, ಊರು, ಮೊತ್ತ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅವರು ಹಾಕಿದ್ದಕ್ಕೆ ಒಂದಿಷ್ಟು ಸೇರಿಸಿ ಹಾಕಬೇಕು. ಸರಿಸಮ ಹಾಕಿದರೆ ಸಂಬಂಧ ಮುಗಿಯಿತು ಎಂದರ್ಥ, ಕಡಿಮೆ ಹಾಕಿದರೆ ಜಗಳ. ಐನೂರಕ್ಕೆ ಮೇಲೊಂದು ರೂಪಾಯಿ ಇಡುವುದೂ ಇದೇ ಕಾರಣಕ್ಕೆ, ಲೆಕ್ಕ ದುಂಡಗಾಗಿ ಮುಚ್ಚಬಾರದು. ಹೂಡಿಯ ಓನರೊಬ್ಬರ ಮಗಳ ಮದುವೆಯಲ್ಲಿ ಎರಡನೇ ಮಹಡಿಯ ಹುಡುಗ 501 ರೂಪಾಯಿ ಮುಯ್ಯಿ ಹಾಕಿ, ಅದನ್ನು ಮರೆತೂ ಬಿಟ್ಟಿದ್ದ. ಪುಸ್ತಕ ಮರೆಯಲಿಲ್ಲ. ‘ಸೆಕೆಂಡ್ ಫ್ಲೋರ್ ಸಾಫ್ಟ್‌ವೇರ್, 501’ ಎಂದು ಅದರಲ್ಲಿ ಬರೆದಿತ್ತು. ಅವನು ಮನೆ ಬಿಟ್ಟು ಹೋದ ಮೇಲೆ, ರೋಣದಲ್ಲಿ ಅವನ ಮದುವೆ ಎಂದು ಯಾರಿಂದಲೋ ತಿಳಿದು, ಓನರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಸಂಸಾರ ಸಮೇತ ಹೋಗಿ 1001 ಹಾಕಿ ಬಂದರು. ಅಲ್ಲಿ ಮುಯ್ಯಿ ಬರೆಯುವವರು ಯಾರು ಎಂದು ಹುಡುಕಿ, ಬರೆಸಿಯೇ ಬಂದರಂತೆ. ಈಗ ಬಾಕಿ ಹುಡುಗನದು. ‘ನಿಮ್ಮ ಆಗಮನವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಪೇಟೆಯ ಜನರ ಸೌಜನ್ಯ ನನಗೆ ಅಷ್ಟಾಗಿ ಹಿಡಿಸದಿರುವುದು ಇದಕ್ಕೇ.

ಬೈ ಟೂ ಕಾಫಿಯ ವಿಷಯ ಹೇಳದಿದ್ದರೆ ಬೆಂಗಳೂರಿನವರು ಸಿಟ್ಟಾಗುತ್ತಾರೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡಿ ಎಂದು ಕೇಳಿದರೆ ಬೇರೆ ಊರಿನ ಹೋಟೆಲಿನವನು ಮೇಲೆ ಕೆಳಗೆ ನೋಡುತ್ತಾನೆ. ಇಲ್ಲಿ ಮಾಣಿ ತಾನೇ ‘ಬೈ ಟೂನಾ?’ ಎನ್ನುತ್ತಾನೆ. ಹೊರಗಿನವರು ಇದನ್ನು ಜಿಪುಣತನ ಎಂದುಕೊಳ್ಳುವುದುಂಟು. ಅಸಲಿ ವಿಷಯ, ಪೂರ್ತಿ ಕಾಫಿಯಾದರೆ ದಿನಕ್ಕೆ ಎರಡೇ ಸಲ ಜತೆ ಕೂರಬಹುದು, ಅರ್ಧವಾದರೆ ನಾಲ್ಕು ಸಲ. ಆಮೇಲೆ ಗಲ್ಲದ ಮುಂದೆ ‘ನಾನ್ ಕೊಡ್ತೀನಿ ಬಿಡಿ’ ಎಂಬ ತಳ್ಳಾಟ. ಮೊದಲು ಕೈ ಹಿಡಿದು ಎಳೆಯುವುದು, ಜೇಬಿಗೆ ನೋಟು ತುರುಕುವುದು ಎಲ್ಲ ಇತ್ತು. ಕ್ಯೂಆರ್ ಕೋಡ್ ಬಂದು ಆ ಮಲ್ಲಯುದ್ಧದ ಸೊಗಸು ಹೋಯಿತು. ಕೊನೆಯ ಗುಟುಕು ಗಂಟಲಿನಲ್ಲಿರುವಾಗಲೇ ಫೋನು ಎತ್ತಿದವನು ಗೆದ್ದ. ಬದಲಿಗೆ ಹೊಸದೊಂದು ಸೇರಿದೆ. ಜಾಲಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ನಿಂತು ನೋಡಿ, ದುಡ್ಡು ಬಂದ ತಕ್ಷಣ ಪುಟ್ಟ ಪೆಟ್ಟಿಗೆ ಎಲ್ಲರಿಗೂ ಕೇಳುವಂತೆ ಮೊತ್ತ ಸಾರುತ್ತದೆ. ಔದಾರ್ಯಕ್ಕೆ ಡಂಗುರ ಹೊಡೆಯುವವನನ್ನು ಹಿಂದೆ ರಾಜರು ಮಾತ್ರ ಇಟ್ಟುಕೊಳ್ಳುತ್ತಿದ್ದರು.

ಪೀಣ್ಯದ ನಿಜವಾದ ಹಬ್ಬ ನೋಡಬೇಕಾದರೆ ಆಯುಧಪೂಜೆಗೆ ಬನ್ನಿ. ಲೇತಿಗೂ ಸಿಎನ್‌ಸಿ ಯಂತ್ರಕ್ಕೂ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಶೆಡ್ಡಿನ ಶಟರ್ ಪೂರ್ತಿ ಮೇಲೆತ್ತಿರುತ್ತಾರೆ. ಅವತ್ತು ಬಾಗಿಲಲ್ಲಿ ಹಾದುಹೋಗುವವನಿಗೂ ಕಡ್ಲೆಪುರಿ, ಸಿಹಿ, ಬಾಳೆಹಣ್ಣಿನ ಪೊಟ್ಟಣ ಕೈಗೆ ಬಂದು ಬೀಳುತ್ತದೆ. ಬಿಲ್ಲು ಬಾಕಿ ಉಳಿಸಿಕೊಂಡ ಗಿರಾಕಿಯೂ ಬರುತ್ತಾನೆ, ಬಿಲ್ಲಿಗಾಗಿ ಅಲೆದವನೂ ಬರುತ್ತಾನೆ, ಅವತ್ತು ಆ ಮಾತು ಎತ್ತುವಂತಿಲ್ಲ. ಸಂಜೆ ಹೊತ್ತಿಗೆ ಪ್ರತಿಯೊಬ್ಬನ ಮನೆಯಲ್ಲೂ ಪುರಿ ಚೀಲದಷ್ಟಾಗುತ್ತದೆ. ಬೆಂಗಳೂರಿನವರು ಅದನ್ನು ವಾರವಿಡೀ ಬೆಲ್ಲದ ಜತೆ ಮೆಲ್ಲುತ್ತಾರೆ. ದಾವಣಗೆರೆ, ಹುಬ್ಬಳ್ಳಿಯವರ ಮನೆಯಲ್ಲಿ ಮರುದಿನ ಬೆಳಗ್ಗೆಯೇ ಅದು ನೆನೆದು, ಹಿಂಡಿಸಿಕೊಂಡು, ಒಗ್ಗರಣೆ ಹಾಕಿಸಿಕೊಂಡು ಸೂಸಲವಾಗಿರುತ್ತದೆ. ‘ನಿಮ್ಮ ಮಂದಿಗೆ ಚುರುಮುರಿ ಏನ್ ಮಾಡಬೇಕಂತ ಗೊತ್ತಿಲ್ಲ’ ಎಂದು ನನ್ನ ಹೆಂಡತಿ ಪ್ರತಿ ವರ್ಷ ನನಗೆ ಹೇಳುತ್ತಾಳೆ. ಅವಳ ಪ್ರಕಾರ ತಿಪಟೂರಿನವರಿಗೆ ಕೊಬ್ಬರಿ ಬಿಟ್ಟು ಬೇರೆ ಯಾವುದರ ಉಪಯೋಗವೂ ಗೊತ್ತಿಲ್ಲ.

ಐಟಿ ಕಚೇರಿಗಳಲ್ಲಿ ಈ ಪೊಟ್ಟಣ ಇ-ಮೇಲ್ ಆಗಿದೆ. ಊರಿಗೆ ಹೋಗಿ ಬಂದವರು ‘ನನ್ನ ಮೇಜಿನ ಮೇಲೆ ಸಿಹಿ ಇದೆ’ ಎಂದು ಬರೆದರೆ ಸಾಕು, ಮೀಟಿಂಗಿಗೆ ಯಾವತ್ತೂ ಹೊತ್ತಿಗೆ ಬಾರದವರೆಲ್ಲ ಅಲ್ಲಿಗೆ ಬಂದಿರುತ್ತಾರೆ. ಬೆಳಗಾವಿ ಕುಂದಾ, ಗೋಕಾಕ್ ಕರದಂಟು, ಧಾರವಾಡ ಪೇಡೆ ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ನಿಲ್ಲುವುದೇ ಇಲ್ಲ. ನಮ್ಮ ಪೇಡೆ ಎಂದು ಎದೆ ತಟ್ಟಿಕೊಳ್ಳುವ ಧಾರವಾಡದವರಿಗೆ, ಅದನ್ನು ತಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವ್‌ನಿಂದ ಬಂದದ್ದು ಎಂದು ನಾನು ಮೆಲ್ಲಗೆ ನೆನಪಿಸುತ್ತೇನೆ. ‘ಬಂದ್ರೇನಾತ್ರೀ, ಎಮ್ಮಿ ಹಾಲು ನಮ್ದಲ್ಲೇನ್ರಿ?’ ಎಂದು ಉತ್ತರ ಬರುತ್ತದೆ. ಸರಿಯಾದ ಉತ್ತರವೇ. ಇಷ್ಟಕ್ಕೂ, ದಾರಿ ತಪ್ಪಿ ಬಂದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಬಡಿಸಿದ್ದರಿಂದಲೇ ಬೆಂಗಳೂರು ಹುಟ್ಟಿತು ಎಂದು ಈ ನಗರ ಹೇಳಿಕೊಳ್ಳುತ್ತದಲ್ಲ, ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನ ನಾಗೇಶ್ವರ ಗುಡಿಯ ಶಾಸನ ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಹೊತ್ತಿಗೇ, ಬೆಂಗಳೂರ ಕಾಳಗದ ಸುದ್ದಿ ಹೇಳಿ ಮುಗಿಸಿದೆ. ಶಾಸನ ಓದಿದವರೂ ಅಜ್ಜಿಯನ್ನು ಕೈಬಿಟ್ಟಿಲ್ಲ. ಕಾಳಗಕ್ಕಿಂತ ಕಾಳು ವಾಸಿ ಎಂದು ಜನ ಆರಿಸಿಕೊಂಡಿದ್ದರೆ ತಪ್ಪೇನು?

ಉಳಿದದ್ದು ಹೊಸತೊಡಕು. ಯುಗಾದಿಯ ಮಾರನೆಯ ದಿನ ಈ ಸೀಮೆಯಲ್ಲಿ ಬಾಡೂಟ. ಹಿಂದಿನ ದಿನ ಹೋಳಿಗೆ ತಿಂದ ಬಾಯಿಗೆ ಖಾರ ಬೇಕಲ್ಲ. ಅಂಗಡಿಯ ಮುಂದೆ ಕತ್ತಲಿರುವಾಗಲೇ ಸಾಲು ನಿಲ್ಲುವುದನ್ನು ಎಲ್ಲರೂ ನೋಡಿರುತ್ತೀರಿ. ಊರೊಳಗಿನವರು ಸಾಲಿಗೆ ಹೋಗುವುದಿಲ್ಲ, ಅವರದು ಗುಡ್ಡೆ ಮಾಂಸ. ವರ್ಷವಿಡೀ ತಿಂಗಳಿಗಿಷ್ಟು ಎಂದು ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಸಂತೆಯಿಂದ ಮರಿ ತಂದು, ಬೆಳಗಿನ ಜಾವ ಕೊಯ್ದು, ಚೀಟಿದಾರರ ತಲೆಯೆಣಿಸಿ ಅಷ್ಟು ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಎಲ್ಲದರ ಪಾಲಿರಬೇಕು: ತೊಡೆ, ಪಕ್ಕೆ, ಈಲಿ, ಬೋಟಿ. ನನಗೆ ಇದು ಬೇಕು, ಅದು ಬೇಡ ಅನ್ನುವಂತಿಲ್ಲ. ಓನರ್ ಮಾತಿಗೆ ಕಟ್ಟುಬಿದ್ದು ಚೀಟಿ ಸೇರಿದ ಅಪಾರ್ಟ್‌ಮೆಂಟಿನ ಹುಡುಗರು ಬೋನ್‌ಲೆಸ್ ಬರುತ್ತದೆ ಎಂದುಕೊಂಡು ಕವರ್ ಹಿಡಿದು ಬರುತ್ತಾರೆ. ಬಿಚ್ಚಿ ನೋಡಿ, ಬೋಟಿಯನ್ನು ಏನು ಮಾಡಬೇಕು ಎಂದು ತಿಳಿಯದೆ ಸೀದಾ ಓನರ್ ಅಡುಗೆಮನೆಗೆ ಹೊತ್ತು ತರುತ್ತಾರೆ. ಓನರ್ ಆಂಟಿಗೆ ಬೇಕಾದದ್ದೂ ಅದೇ. ಎರಡು ಗುಡ್ಡೆ ಒಂದೇ ಪಾತ್ರೆಗೆ ಬಿದ್ದು, ಎಲ್ಲರಿಗೂ ಕೆಳಗೇ ಊಟ.

2025ರಲ್ಲಿ ಯುಗಾದಿ ಭಾನುವಾರ ಬಂತು. ಹೊಸತೊಡಕು ಸೋಮವಾರ, ಸೋಮವಾರ ಶಿವನ ವಾರ, ಎಷ್ಟೋ ಮನೆಗಳಲ್ಲಿ ಬಾಡು ಮುಟ್ಟುವುದಿಲ್ಲ. ಅದೇ ಸೋಮವಾರ ರಂಜಾನ್ ಕೂಡ. ಹಾಗಾಗಿ ಒಂದೇ ಬೀದಿಯಲ್ಲಿ ಸೋಮವಾರ ಒಂದು ಮನೆಯಿಂದ ಬಿರಿಯಾನಿ ಹೊರಟು, ಪಕ್ಕದ ಮನೆಯಲ್ಲಿ ಅದು ವಾರ ಮುರಿಯುವವರ ಹೊಟ್ಟೆಗೆ ಸೇರಿ, ವಾರ ಹಿಡಿಯುವವರ ಪಾಲು ಫ್ರಿಜ್ಜಿನಲ್ಲಿ ಕಾದು, ಮಂಗಳವಾರ ಅವರ ಹೊಸತೊಡಕಿನ ಸಾರು ಅದೇ ಡಬ್ಬಿಯಲ್ಲಿ ಬಿರಿಯಾನಿ ಮನೆಗೆ ವಾಪಸ್ ಹೋಯಿತು. ಪಂಚಾಂಗ ಇಷ್ಟು ಗೋಜಲು ಮಾಡಿದರೂ ಡಬ್ಬಿ ಬರಿದಾಗಿ ಹೋಗಲಿಲ್ಲ ನೋಡಿ.

ಹುಬ್ಬಳ್ಳಿಯ ಹುಡುಗನಿಗೆ ಈಗ ಉತ್ತರ. ಖರೇನೇ ಕರೆದಿದ್ದಾರಪ್ಪ. ಮೆಟ್ಟಿಲ ಮೇಲೆ ಎದುರಿಗೆ ಸಿಕ್ಕಾಗ ಕರೆದರೂ ಕರೆದದ್ದೇ. ಹೋಗದಿದ್ದರೆ ವರ್ಷವೆಲ್ಲ ಅದೇ ಮೆಟ್ಟಿಲ ಮೇಲೆ ‘ಬರ್ಲೇ ಇಲ್ಲ ನೀವು’ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ಕೇಕು, ಬೊಕೆ ಒಯ್ಯಬೇಡ. ಹಣ್ಣು, ಎಲೆಅಡಿಕೆ ಒಯ್ಯಿ. ಊರಿಂದ ತಂದ ಶೇಂಗಾ ಹೋಳಿಗೆ ಇದ್ದರೆ ಇನ್ನೂ ಒಳ್ಳೆಯದು. ಬೆಳಗಿನ ತಿಂಡಿ ಬಿಡು. ಹಾಕಿದ ಮೊದಲ ಮುದ್ದೆಯನ್ನು ನಿಧಾನವಾಗಿ ಮುಗಿಸು, ಬೇಗ ಮುಗಿಸಿದವನ ಎಲೆಗೇ ಎರಡನೆಯದು ಬೀಳುವುದು. ಉಂಡ ಮೇಲೆ ಕೂಡಲೇ ಎದ್ದು ಹೊರಡಬೇಡ, ಎಲೆಅಡಿಕೆ ಹಾಕಿಕೊಂಡು ಮನೆಯ ಯಜಮಾನ ತನ್ನ ಜಮೀನು ಯಾವ ಕಾಲಕ್ಕೆ ಎಷ್ಟಕ್ಕೆ ಹೋಯಿತು ಎಂಬ ಕಥೆ ಹೇಳುವುದನ್ನು ಕೇಳಿಸಿಕೊ. ಅದೂ ಊಟದ ಭಾಗವೇ.

ನೀನು ಲಿಂಗಾಯತರ ಹುಡುಗ, ಬಾಡು ತಿನ್ನುವುದಿಲ್ಲ, ಊರಹಬ್ಬದಲ್ಲಿ ಮರಿ ಕೊಯ್ಯುತ್ತಾರೆ, ಏನು ಮಾಡಲಿ ಎಂದು ಪತ್ರದ ಕೊನೆಗೆ ಕೇಳಿದ್ದೀಯಲ್ಲ. ಹಿಂದಿನ ದಿನವೇ ಹೋಗಿ ಆಂಟಿಗೆ ಹೇಳಿಬಿಡು. ಬೇಸರ ಮಾಡಿಕೊಳ್ಳುವುದಿಲ್ಲ. ನಿನಗೆಂದೇ ಬೇರೆ ಪಾತ್ರೆಯಲ್ಲಿ ಅವರೆಕಾಳು ಸಾರು ಮಾಡಿಟ್ಟಿರುತ್ತಾರೆ, ಮೂಲೆಯಲ್ಲಿ ಬೇರೆ ಎಲೆ ಹಾಕುತ್ತಾರೆ, ಎಲ್ಲರಿಗಿಂತ ಮೊದಲು ಬಡಿಸುತ್ತಾರೆ. ಅರ್ಧ ಊಟವಾದ ಮೇಲೆ ಮಾತ್ರ ಅವರಿಗೆ ತಡೆಯಲಾಗುವುದಿಲ್ಲ. ಸೌಟು ಹಿಡಿದು ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ ಹೇಳುತ್ತಾರೆ: ‘ಪೀಸ್ ಹಾಕಲ್ಲ ಕಣಪ್ಪ, ಬರೀ ಸಾರು.’